ಹೆದರುಪುಕ್ಕಲಿ ರಾಣಿಯೂ ನಾನೂ

ಪ್ರಾಣಿಗಳಿಗೆ ನನ್ನನ್ನು ಕಂಡರೆ ಬಹಳ ಪ್ರೀತಿ ಎಂದು ಐವತ್ತೆಂಟು ವರ್ಷ ನಂಬಿಕೊಂಡಿದ್ದೆ. ಆಧಾರ ಕೇಳಬೇಡಿ. ಬಸ್‌ಸ್ಟ್ಯಾಂಡಿನ ದನವೊಂದು ನನ್ನ ಕೈಯಿಂದ ಬಾಳೆಹಣ್ಣಿನ ಸಿಪ್ಪೆ ತಿಂದದ್ದುಂಟು, ಅಷ್ಟೆ.

ಆ ಧೈರ್ಯದಲ್ಲೇ ಪುತ್ತೂರಿನ ಕಡೆಯ ನಾಯಿಗಳ ಆಶ್ರಯವೊಂದರಿಂದ ರಾಣಿಯನ್ನು ಸುಳ್ಯಕ್ಕೆ ಕರೆತಂದೆ. ಐದು ವರ್ಷದ ಹೆಣ್ಣುನಾಯಿ. ತಳಿ ಯಾವುದೆಂದರೆ ನಮ್ಮ ಪೇಟೆಯ ಮಾತಿನ ಹಾಗೆ. ತುಳು, ಅರೆಭಾಷೆ, ಮಲಯಾಳ, ಕನ್ನಡ ಎಲ್ಲ ಸೇರಿ ಆದದ್ದು. "ಎರಡು ಮನೆಯವರು ಕೊಂಡುಹೋಗಿ ವಾಪಸು ತಂದು ಬಿಟ್ಟಿದ್ದಾರೆ. ತುಂಬಾ ಹೆದರಿಕೆ ಇದಕ್ಕೆ, ಸಮಯ ಕೊಡಬೇಕು" ಎಂದರು ಅಲ್ಲಿನ ಮೇಡಂ. "ಅದನ್ನು ನನಗೆ ಬಿಡಿ" ಎಂದೆ. ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುವವನು ನಾನು. ಸ್ಟೀರಿಂಗ್ ಹಿಡಿದು ಅತ್ತವರನ್ನೂ ಸಂಪಾಜೆ ಘಾಟಿ ಹತ್ತಿಸಿದವನು.

ರಾಣಿ ಮನೆಯೊಳಗೆ ಬಂದವಳೇ ವಾಷಿಂಗ್ ಮೆಷಿನ್ನಿನ ಹಿಂದೆ ಸೇರಿದಳು. ಮೂರು ವಾರ ಅಲ್ಲೇ. ನಾವು ಮರೆಯಾದರೆ ಮಾತ್ರ ಹೊರಬಂದು ಅನ್ನ ತಿನ್ನುವಳು. ಮುದ್ದಾಗಿ ಕರೆದು ನೋಡಿದೆ. "ನೀವು ಮುದ್ದು ಮಾಡುದೂ ಗದರಿಸಿದ ಹಾಗೇ ಉಂಟು" ಎಂದಳು ಹೆಂಡತಿ ಶಾರದೆ. ಒಂದು ದಿನ ಬಿಸ್ಕತ್ತು ಹಿಡಿದು ನಾನೇ ಆ ಸಂದಿಗೆ ತೂರಿದೆ. ಸೊಂಟ ಹಿಡಿದುಕೊಂಡಿತು. ಪಕ್ಕದ ಮನೆಯ ಹಮೀದ್ ಬಂದು ಕಾಲು ಹಿಡಿದು ಎಳೆಯಬೇಕಾಯಿತು. "ನಾಯಿ ಉಂಟು ಅಂದಿರಲ್ಲ ಮಾರಾಯ್ರೆ, ಇಲ್ಲಿ ನೀವು ಮಾತ್ರ ಕಾಣುದು" ಎಂದ.

"ಪಾಪ, ಅದಕ್ಕೆ ಇಲ್ಲಿ ಒಗ್ಗುದಿಲ್ಲ. ವಾಪಸು ಬಿಟ್ಟು ಬರ್ತೇನೆ" ಎಂದೆ ಶಾರದೆಯಲ್ಲಿ. ನಿಜ ಹೇಳಬೇಕೆಂದರೆ ಅದು ಪಾಪವಲ್ಲ, ಅವಮಾನ. ನಾಯಿಯೊಂದು ನನ್ನನ್ನು ಫೇಲು ಮಾಡಿತ್ತು. ರಾಣಿ ಮಲಗುವ ಹಳೆಯ ಬೆಡ್‌ಶೀಟನ್ನು ಮಡಚಿ ಶಾರದೆ ನನ್ನ ಕೈಗೆ ಕೊಟ್ಟಳು.

ಎಳೆದಾಟಕ್ಕೆ ಸಿದ್ಧನಾಗಿ ಕೊರಳಿನ ಬೆಲ್ಟು ತಂದೆ. ಅದನ್ನು ಕಂಡದ್ದೇ ರಾಣಿ ತಾನಾಗಿ ಹೊರಬಂದಳು. ಕಾರಿನ ಹಿಂದಿನ ಸೀಟು ಹತ್ತಿ, ಮುಂಗಾಲ ಮೇಲೆ ಗದ್ದವಿಟ್ಟು ಮಲಗಿದಳು. ಬಂದ ದಿನ ದಾರಿಯುದ್ದಕ್ಕೂ ನಡುಗಿದವಳು ಈಗ ನಡುಗಲಿಲ್ಲ. ಜಾಲ್ಸೂರು ತಲಪುವಾಗ ನನಗೆ ಹೊಳೆಯಿತು: ಈ ಪ್ರಯಾಣ ಅವಳಿಗೆ ಗೊತ್ತು. ವಾಪಸು ಹೋಗುವುದೊಂದೇ ಅವಳಿಗೆ ಚೆನ್ನಾಗಿ ಅಭ್ಯಾಸವಾದ ಪಾಠ. ಕಾರು ನಿಲ್ಲಿಸಿ ಚಹಾ ಹೇಳಿದೆ, ಕುಡಿಯಲಾಗಲಿಲ್ಲ. ತಿರುಗಿಸಿಕೊಂಡು ಬಂದೆ.

ಗೇಟಿನಲ್ಲೇ ಶಾರದೆ ನಿಂತಿದ್ದಳು. "ಎಂತ, ಅಲ್ಲಿ ಬಾಗಿಲು ಹಾಕಿತ್ತಾ?"

"ಹೌದು" ಎಂದೆ.

"ಹಾಗಾದ್ರೆ ನಾಳೆಯೂ ಹಾಕಿರ್ತದೆ" ಎಂದು ಬೆಡ್‌ಶೀಟು ತೆಗೆದುಕೊಂಡು ಒಳಗೆ ಹೋದಳು.

ಆಮೇಲೆ ಕರೆಯುವುದನ್ನೇ ಬಿಟ್ಟೆ. ನನ್ನ ಪಾಡಿಗೆ ನಾನು, ಅವಳ ಪಾಡಿಗೆ ಅವಳು. ಎರಡು ತಿಂಗಳಲ್ಲಿ ಚಾವಡಿಯ ಬಾಗಿಲವರೆಗೆ ಬಂದಳು.

ಕಳೆದ ವಾರ ಕಾರು ರಿಪೇರಿಗೆ ಹೋಗಿದ್ದರಿಂದ ಹಮೀದನ ಸ್ಕೂಟರಿನಲ್ಲಿ, ರೈನ್‌ಕೋಟು ಹೆಲ್ಮೆಟು ಧರಿಸಿ ಮನೆಗೆ ಬಂದೆ. ರಾಣಿ ಮೆಟ್ಟಿಲ ಮೇಲೆ ನಿಂತು ಬೊಗಳಿದಳು. ಅವಳ ಸ್ವರ ನಾವು ಕೇಳಿದ್ದೇ ಅಂದು. ನಾನು ಒಂದು ಹೆಜ್ಜೆ ಮುಂದಿಟ್ಟರೂ ಅವಳು ಕದಲಲಿಲ್ಲ.

"ಹೆಲ್ಮೆಟ್ ತೆಗೀರಿ, ಗುರ್ತ ಸಿಗ್ಲಿಲ್ಲ ಅದಕ್ಕೆ" ಎಂದಳು ಒಳಗಿನಿಂದ ಶಾರದೆ.

ತೆಗೆಯಲು ಮನಸ್ಸಾಗಲಿಲ್ಲ. ಇದು ತನ್ನ ಮನೆಯೆಂದು ಅವಳಿಗೆ ಅಷ್ಟು ಖಾತ್ರಿಯಾಗಿರುವಾಗ ಒಳಗೆ ಹೋಗಲು ನನಗೇನು ಅವಸರ? ನನ್ನದೇ ಅಂಗಳದಲ್ಲಿ ಮಳೆಗೆ ಒದ್ದೆಯಾಗುತ್ತಾ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.