ಕಾಯಿಲೆಗೆ ತುಂಬು ಬಟ್ಟಲು

ಮರ್ಗಿಲಾನ್ ಪಟ್ಟಣದ ನಮ್ಮ ಓಣಿಯಲ್ಲಿ ಯಾರಾದರೂ ಸೀನಿದರೆ ಸಾಕು, ಸನೋಬರಜ್ಜಿಯ ಮನೆಯಲ್ಲಿ ಕುಟ್ಟಾಣಿಯ ಸದ್ದು ಶುರುವಾಗುತ್ತದೆ. ಶುಂಠಿ, ಕರಿಮೆಣಸು ಜಜ್ಜಿ, ಕಪ್ಪು ಚಹಾದಲ್ಲಿ ಕುದಿಸಿ, ಕಲ್ಲುಸಕ್ಕರೆ ಹಾಕಿ ತರುತ್ತಾಳೆ. ಕುಡಿದವರನ್ನು ರಜಾಯಿಯಲ್ಲಿ ಸುತ್ತಿ ಬೆವರಿಳಿಸುತ್ತಾಳೆ. ನಾವೆಲ್ಲ ದಿನವಿಡೀ ಕುಡಿಯುವ ಹಸಿರು ಚಹಾ ತಂಪು, ಅದನ್ನು ನೆಗಡಿಗೆ ಕೊಡುವವಳು ವೈರಿಯೇ ಸರಿ ಎಂಬುದು ಅವಳ ವಾದ. ಗಂಡ ಬೇಗ ತೀರಿಕೊಂಡ ಮೇಲೆ ರೇಷ್ಮೆ ಮಗ್ಗದ ಮುಂದೆ ಕೂತು ಒಬ್ಬಳೇ ಮಗನನ್ನು ಬೆಳೆಸಿದವಳು. ತಾನು ಹೇಳಿದ್ದೇ ಸರಿ ಎಂಬ ಧೈರ್ಯ ಅಲ್ಲಿಂದಲೇ ಬಂದಿರಬೇಕು. ನನ್ನ ಗಂಡ ಮುನಿಸಿಕೊಂಡು ನನ್ನ ಜೊತೆ ಮಾತು ಬಿಟ್ಟಾಗ ಅವನಿಗೂ ಕುಡಿಸಿದಳು.

"ಮುನಿಸೂ ಒಂದು ಶೀತಾನೇ ಕಣೇ ರಾನೋ," ಎಂದಳು.

ಖಾರಕ್ಕೆ ಬೈಯಲಿಕ್ಕಾದರೂ ಅವನು ಬಾಯಿ ಬಿಟ್ಟ!

ಅಜ್ಜಿಯದು ಒಂದೇ ಕಟ್ಟಳೆ. ಅತಿಥಿಗೆ ಅರ್ಧ ಬಟ್ಟಲು, ಕಾಯಿಲೆಗೆ ತುಂಬು ಬಟ್ಟಲು. ನಮ್ಮ ಸೀಮೆಯಲ್ಲೆಲ್ಲ ಚಹಾ ಅರ್ಧ ಕೊಟ್ಟರೆ ಕೂತಿರಿ, ಮತ್ತೆ ಮತ್ತೆ ಹಾಕುತ್ತೇವೆ ಎಂದರ್ಥ. ತುಂಬಿ ಕೊಟ್ಟರೆ ಕುಡಿದು ಎದ್ದು ನಡೆಯಿರಿ ಎಂದ ಹಾಗೆ.

"ಕಾಯಿಲೆ ಏನು ನಮ್ಮ ನೆಂಟನೇನೇ, ಮರ್ಯಾದೆ ಮಾಡೋಕೆ? ತುಂಬಿ ಕೊಡು, ತೊಲಗ್ಲಿ!" ಎನ್ನುತ್ತಾಳೆ. ಕಾಯಿಲೆಯ ಈ ಲೆಕ್ಕ ನಮ್ಮ ಓಣಿಗೆಲ್ಲ ಗೊತ್ತು. ಕೊಕಂದ್ ಊರಿನವರಿಗೆ ಹೇಗೆ ಗೊತ್ತಿರಬೇಕು ಹೇಳಿ?

ಕೊಕಂದಿನಿಂದ ಬಂದವರು ಅಜ್ಜಿಯ ಮೊಮ್ಮಗಳು ಮುನವ್ವರಳನ್ನು ಕೇಳಲು ಬಂದ ಹೆಂಗಸರು. ಹುಡುಗನ ತಾಯಿ ಮತ್ಲೂಬಾ, ಜೊತೆಗೆ ಅವಳ ನಾದಿನಿ. ಮುನವ್ವರ್ ಆ ಹುಡುಗನಿಗೆ ಮನಸ್ಸು ಕೊಟ್ಟಾಗಿತ್ತು. ಅವನಲ್ಲದಿದ್ದರೆ ಮದುವೆಯೇ ಬೇಡ ಎಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಿದ್ದಳು. ಅಂದು ಒಪ್ಪಿಗೆಯ ದಿನ. ಹಾಸಿದ ಬಟ್ಟೆಯ ನಡುವೆ ದುಂಡು ರೊಟ್ಟಿ ಇಟ್ಟಿದ್ದೆವು. ಮತ್ಲೂಬಾ ಅದನ್ನು ಮುರಿದರೆ ಹುಡುಗಿ ಅವರ ಮನೆಯವಳು, ಮುರಿಯದೆ ಎದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು.

ಆದರೆ ಮತ್ಲೂಬಾಗೆ ಒಂದು ಮಾತು ಪೂರ್ತಿ ಆಡಲು ಕೆಮ್ಮು ಬಿಡುತ್ತಿರಲಿಲ್ಲ. ಇದನ್ನು ಕೇಳಿ ಮುನವ್ವರ್ ಒಳಗೆ ಹೋದಳು. ಶುಂಠಿ ಚಹಾ ಮಾಡಿ ತಂದಳು. ಅಜ್ಜಿ ಪಳಗಿಸಿದ ಕೈ, ಯೋಚನೆಯೇ ಮಾಡದೆ ಬಟ್ಟಲನ್ನು ಅಂಚಿನವರೆಗೆ ತುಂಬಿ ಭಾವೀ ಅತ್ತೆಯ ಮುಂದಿಟ್ಟಿತು.

"ನೋಡಿದ್ರಾ ಅತ್ತಿಗೆ?" ನಾದಿನಿ ತಲೆವಸ್ತ್ರ ಸರಿಮಾಡಿಕೊಂಡು ಎದ್ದೇಬಿಟ್ಟಳು. "ಬಾಯಲ್ಲಿ ಹೇಳೋಕೆ ನಾಚ್ಕೊಂಡು ಬಟ್ಟಲಲ್ಲಿ ಹೇಳ್ತಿದಾಳೆ. ಏಳಿ, ಇನ್ನೇನು ಕೆಲಸ ಇಲ್ಲಿ?"

ಹುಡುಗಿಯ ತಾಯಿ ಮಗಳ ತೋಳು ಚಿವುಟಿದಳು. "ಕೈ ನಡುಗಿ ಜಾಸ್ತಿ ಆಯ್ತು ಅನ್ನೇ! ಅರ್ಧ ಚೆಲ್ಲೇ! ಅಯ್ಯೋ, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ವಲ್ಲೇ!"

ಮುನವ್ವರ್ ಅಜ್ಜಿಯ ಕಡೆ ನೋಡಿದಳು. ಊರಿಗೆಲ್ಲ ಉತ್ತರ ಕೊಡುವ ಅಜ್ಜಿ ಅಂದು ನೆರವಿಗೆ ಬರಲಿಲ್ಲ.

"ನನ್ನ ಮುಖ ಯಾಕೆ ನೋಡ್ತೀಯಾ? ಹಾಕಿದ್ದು ನಿನ್ನ ಕೈ. ಏನಂತ ಹಾಕಿದೆ, ನೀನೇ ಹೇಳು."

ಈ ಮುದುಕಿಗೆ ಕರುಣೆಯೇ ಇಲ್ಲವೇ ಎಂದು ನನಗೆ ಸಿಟ್ಟು ಬಂತು. ಮುನವ್ವರ್ ಮಾತ್ರ ಬಟ್ಟಲನ್ನು ಇನ್ನಷ್ಟು ಮುಂದೆ ಸರಿಸಿದಳು.

"ಕೈ ನಡುಗ್ಲಿಲ್ಲ ಅಮ್ಮ," ಎಂದು ಮತ್ಲೂಬಾಳ ಕಡೆ ತಿರುಗಿದಳು. "ಚಿಕ್ಕಮ್ಮಾ, ಇದು ನಿಮಗೆ ಹಾಕಿದ್ದಲ್ಲ, ನಿಮ್ಮ ಕೆಮ್ಮಿಗೆ ಹಾಕಿದ್ದು. ಕಾಯಿಲೆಗೆ ನಮ್ಮನೇಲಿ ಅರ್ಧ ಹಾಕಲ್ಲ. ನಾನು ಬೇಡ ಅಂತ ಹೋಗೋದಾದ್ರೂ ಇದನ್ನ ಕುಡಿದೇ ಹೋಗಿ."

ನಾದಿನಿ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಮತ್ಲೂಬಾ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಊದಿ ಊದಿ ತಳದವರೆಗೆ ಕುಡಿದಳು. ಹಣೆಯಲ್ಲಿ ಬೆವರೊಡೆಯಿತು.

"ಬಂದು ಕೂತ್ಕೊಳ್ಳೇ," ಎಂದಳು ನಾದಿನಿಗೆ, ತಿರುಗಿಯೂ ನೋಡದೆ. "ಎಲೆ ಉದುರೋ ಕಾಲದಿಂದ ಕೆಮ್ತಾ ಇದೀನಿ. ಗಂಡ ಇದಾನೆ, ಗಂಡುಮಕ್ಕಳಿದಾರೆ, ನೀನಿದೀಯಾ. ಒಬ್ರಾದ್ರೂ ಒಂದು ಗುಟುಕು ಬಿಸಿನೀರು ತಂದುಕೊಟ್ರಾ?"

ಅಷ್ಟು ಹೇಳಿ ರೊಟ್ಟಿಯನ್ನು ಎಳೆದುಕೊಂಡು ಮುರಿದಳು. ಅವಳ ಕಣ್ಣಲ್ಲಿ ನೀರಿತ್ತು, ನನಗೂ ಅಳು ತಡೆಯಲಿಲ್ಲ. ಮುನವ್ವರಳ ತಾಯಿಯಂತೂ ಗೊಳೋ ಎಂದಳು. ಅಜ್ಜಿ ಒಬ್ಬಳೇ ಕಡ್ಡಿ ಮುರಿದ ಹಾಗೆ ಮಾತಾಡಿದವಳು.

"ಹುಡುಗೀನ ಕೊಟ್ಟೆ. ಆದ್ರೆ ಮೊದಲು ನಿನ್ನ ಮಗನ್ನ ಕಳಿಸು. ತಾಯಿಗೆ ಶುಂಠಿ ಕುಟ್ಟಿ ಕುಡಿಸೋದು ಕಲೀಲಿ, ಆಮೇಲೆ ನಿಕಾಹ್."

ಮದುವೆಗೆ ಮುಂಚೆ ಗಂಡು ಹೆಣ್ಣಿನ ಮನೆಯಂಗಳಕ್ಕೆ ಕಾಲಿಡುವುದು ನಮ್ಮಲ್ಲಿ ಉಂಟೇ? ಆದರೂ ಅವನು ಮರುದಿನವೇ ಬಂದ, ಅಜ್ಜಿಯ ಎದುರು ಕೂತು ಮಧ್ಯಾಹ್ನದವರೆಗೆ ಕುಟ್ಟಿದ. ಓಣಿಯಲ್ಲಿ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ.