ಸೇತುವೆಯಾಚೆಯ ಅಪ್ಪ

ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕ್ರಾಫ್ಟ್ ಪ್ರದರ್ಶನ ಇಟ್ಟರು. ಮನೆಯಲ್ಲಿರುವ ಸಾಮಾನಿನಿಂದಲೇ ಮಕ್ಕಳು ತಮ್ಮ ಕುಟುಂಬವನ್ನು ಮಾಡಿ ತರಬೇಕಿತ್ತು. ನಾನು ಶಿವಾಜಿನಗರದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದೆ. ಪಕ್ಕದ ಟೈಲರ್ ಹತ್ತಿರ ಚೂರುಬಟ್ಟೆ ಕೇಳಿ ತಂದುಕೊಟ್ಟೆ. ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳಿಗೆ ನಮ್ಮಮ್ಮ ಸೀರೆ ಸುತ್ತಿಕೊಟ್ಟರು. ಬಾಣಸವಾಡಿಯ ಮನೆಯಲ್ಲಿ ಇದ್ದದ್ದು ಅಮ್ಮ, ನಾನು, ಮಗಳು. ಮೂರು ಕ್ಲಿಪ್ಪು, ಒಂದು ಶೂ ಡಬ್ಬಿ, ಅಷ್ಟರಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ.

ಗಂಡ ಬೇರೆ ಮನೆ ಮಾಡಿಕೊಂಡು ಕೆ.ಆರ್. ಪುರದಲ್ಲಿದ್ದರು. ಶಾಲೆಯಲ್ಲಿ ಮಾತ್ರ ನಾನು ದುಬೈ ಎಂದಿದ್ದೆ. ಅಡ್ಮಿಷನ್ ದಿನ ಯಾರೋ ಕೇಳಿದಾಗ ಬಾಯಿಗೆ ಬಂದದ್ದು, ಆಮೇಲೆ ಅದನ್ನೇ ಮುಂದುವರಿಸಿಕೊಂಡು ಬಂದೆ. ಮಗಳ ಗೆಳತಿಯ ತಾಯಿ ಫ್ರೇಜರ್ ಟೌನಿನವರು. ಅವರ ಯಜಮಾನರು ನಿಜವಾಗಿಯೂ ದುಬೈಯಲ್ಲಿದ್ದರು. "ನಮ್ಮೋರು ರಜ ಮುಗಿಸ್ಕೊಂಡು ವಾಪಸ್ ಹೋಗ್ತಿದಾರೆ. ಉಪ್ಪಿನಕಾಯಿ ಗಿಪ್ಪಿನಕಾಯಿ ಇದ್ರೆ ಕೊಡಿ, ನಿಮ್ಮೋರ ರೂಮಿಗೇ ತಲುಪಿಸ್ತಾರೆ. ಅಡ್ರೆಸ್ ಎಲ್ಲಿ?" ಎಂದು ಒಮ್ಮೆ ಕೇಳಿದ್ದರು. "ಅಯ್ಯೋ ಬೇಡಿ, ಅಲ್ಲೇ ಎಲ್ಲ ಸಿಗುತ್ತೆ ಅವರಿಗೆ" ಎಂದು ಜಾರಿಕೊಂಡಿದ್ದೆ.

ಪ್ರದರ್ಶನದ ದಿನ ಅಂಗಡಿಯಲ್ಲಿ ಅರ್ಧ ದಿನ ರಜ ಕೇಳಿ ಹೋದೆ. ಉದ್ದ ಮೇಜುಗಳ ಮೇಲೆ ಕುಟುಂಬಗಳು ಸಾಲಾಗಿ ನಿಂತಿದ್ದವು. ಕಾಲುಚೀಲದ ಅಜ್ಜ, ಬಳೆಗಳ ನಡುವೆ ಅಂಟಿಸಿದ ಮುಖಗಳು, ತೆಂಗಿನ ಚಿಪ್ಪಿನ ಅವಳಿ ತಮ್ಮಂದಿರು. ನಮ್ಮ ಶೂ ಡಬ್ಬಿಯ ಮುಂದೆ ಜನ ಹೆಚ್ಚಿದ್ದರು. ಡಬ್ಬಿಯಿಂದ ಒಂದು ರಟ್ಟಿನ ರಸ್ತೆ ಹೊರಟಿತ್ತು. ರಸ್ತೆಯ ಮೇಲೆ ಮಗಳು ಬಿಳಿ ದಾರ ಬಿಗಿದು ತೂಗುಸೇತುವೆ ಮಾಡಿದ್ದಳು. ಸೇತುವೆಯ ಆಚೆ ಪ್ಯಾಂಟು ಹಾಕಿಕೊಂಡ ನಾಲ್ಕನೇ ಕ್ಲಿಪ್ಪು ನಿಂತಿತ್ತು. ಇದನ್ನು ಅವಳು ಯಾವಾಗ ಮಾಡಿದಳೋ, ನನಗೆ ಗೊತ್ತೇ ಇರಲಿಲ್ಲ.

ಮಿಸ್ ಬಗ್ಗಿ ನೋಡಿದರು. "ಅಪ್ಪ ದುಬೈಯಲ್ಲಲ್ವಾ ಪುಟ್ಟಾ? ಮತ್ತೆ ವಿಮಾನ ಎಲ್ಲಿ?"

"ದುಬೈ ಅಲ್ಲ ಮಿಸ್. ಇದು ಕೆ.ಆರ್. ಪುರ ಬ್ರಿಡ್ಜು. ಅಪ್ಪ ಆ ಕಡೆ ಇರ್ತಾರೆ. ಭಾನುವಾರ ಬರ್ತಾರೆ, ಮನೆ ಒಳಗೆ ಬರಲ್ಲ."

ಮಿಸ್ ತಲೆಯೆತ್ತಿ ನನ್ನನ್ನು ನೋಡಿದರು, ತಕ್ಷಣ ಬೇರೆ ಕಡೆ ತಿರುಗಿದರು. ಅವರ ಪಕ್ಕದಲ್ಲೇ ಫ್ರೇಜರ್ ಟೌನಿನ ತಾಯಿ ನಿಂತಿದ್ದರು. ನನ್ನ ಕಿವಿ ಬಿಸಿಯಾಯಿತು. ಮಗಳ ಬಾಯಿ ಮುಚ್ಚಬೇಕೆನಿಸಿತು. ಹಾಗೆ ಅನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಗೆಳತಿಯ ತಾಯಿ ನನ್ನ ಕಡೆ ನೋಡಲಿಲ್ಲ. ಒಂದು ದಾರವನ್ನು ಬೆರಳಿನಿಂದ ಮೆಲ್ಲಗೆ ಮೀಟಿ, "ಎಷ್ಟು ಟೈಟಾಗಿ ಕಟ್ಟಿದೀಯ ಬೇಟಾ!" ಎಂದರು. ಮಗಳು ಹಿಗ್ಗಿಹೋದಳು.

ಹೊರಡುವಾಗ ಅವರನ್ನು ತಪ್ಪಿಸಿ ಹೋಗಲು ನೋಡಿದೆ. ಅವರೇ ಮೆಟ್ಟಿಲ ಹತ್ತಿರ ಬಂದರು. ಬೈದರೆ ಕೇಳಿಸಿಕೊಳ್ಳೋಣವೆಂದು ನಿಂತೆ.

"ಅವತ್ತು ನಾನು ಅಡ್ರೆಸ್ ಅಡ್ರೆಸ್ ಅಂತ ಹಿಂದೆ ಬಿದ್ದೆ. ನಿಮಗೆ ಎಷ್ಟು ಕಷ್ಟ ಆಗಿರ್ಬೇಕು. ಮಾಫ್ ಮಾಡಿ," ಎಂದರು.

ಸುಳ್ಳು ಹೇಳಿದವಳು ನಾನು, ಕ್ಷಮೆ ಕೇಳುತ್ತಿದ್ದವರು ಅವರು. "ಇಲ್ಲ, ನಾನೇ..." ಎಂದು ಶುರುಮಾಡಿದೆ. ಅವರು ನನ್ನ ತೋಳು ಮುಟ್ಟಿ ಹೋದರು.

ಆಟೋದಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ಮಗಳು ಕೇಳಿದಳು, "ಅಮ್ಮ, ದುಬೈಲಿ ನಮ್ಮೋರು ಯಾರಿದಾರೆ?"

"ಯಾರೂ ಇಲ್ಲ ಕಂದ. ನಾನು ಸುಮ್ನೆ ಸುಳ್ಳು ಹೇಳ್ಬಿಟ್ಟಿದ್ದೆ."

"ಯಾಕೆ?"

"ನಾಚಿಕೆಯಾಗ್ತಿತ್ತು."

ಅವಳು ವಾಲಿದ್ದ ನಾಲ್ಕನೇ ಕ್ಲಿಪ್ಪನ್ನು ನೆಟ್ಟಗೆ ನಿಲ್ಲಿಸಿದಳು. "ನನ್ನ ನೋಡಿದ್ರೂ ನಾಚಿಕೆಯಾಗುತ್ತಾ?" ಎಂದಳು.

ಆಟೋದ ಸದ್ದಿನಲ್ಲಿ ಅವಳಿಗೆ ಕೇಳಿಸಲಿ ಎಂದು, "ಇಲ್ಲ, ನಿನ್ನ ನೋಡಿದ್ರೆ ಯಾವತ್ತೂ ಇಲ್ಲ" ಎಂದು ಜೋರಾಗಿಯೇ ಹೇಳಿದೆ. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನಾನು ಮುಖ ತಿರುಗಿಸಿಕೊಳ್ಳಲಿಲ್ಲ.