ಹ್ಯಾಡಕ್ ಹೊಟ್ಟೆಯ ನಕ್ಷತ್ರಗಳು

ಕೆನಡಾದ ಫಂಡಿ ಕೊಲ್ಲಿಯ ನಮ್ಮ ದಕ್ಕೆಯಲ್ಲಿ ವೆರ್ನಾಳಷ್ಟು ಚುರುಕಾಗಿ ಮೀನಿನ ಹೊಟ್ಟೆ ಸೀಳುವವರು ಇನ್ನೊಬ್ಬರಿರಲಿಲ್ಲ. ಅಣ್ಣ ಲಿಯಾಂಡರ್ ಹಿಡಿದು ತಂದ ಹ್ಯಾಡಕ್ ಮೀನನ್ನೂ, ಬೇರೆ ದೋಣಿಯಲ್ಲಿ ಗಂಡ ಎಲ್ಬರ್ಟ್ ತಂದದ್ದನ್ನೂ ಅವಳೇ ಹಸನು ಮಾಡುತ್ತಿದ್ದಳು.

ಲಿಯಾಂಡರನಿಗೆ ಕಡಲಲ್ಲಿ ಗುಟ್ಟಿನ ಜಾಗವೊಂದಿತ್ತು. ಅಪ್ಪ ಸಾಯುವ ಮುಂಚೆ ಅವನೊಬ್ಬನಿಗೇ ಹೇಳಿದ್ದು. ಅಲ್ಲಿಯ ಮೀನಿನ ಹೊಟ್ಟೆಯಲ್ಲಿ ಮುರುಕು ನಕ್ಷತ್ರಗಳೆಂದು ನಾವು ಕರೆಯುವ ಪುಟ್ಟ ಕಡಲಜೀವಿಗಳು ತುಂಬಿರುತ್ತಿದ್ದವು. ಅಂಗಿಯ ಗುಂಡಿಯಷ್ಟು ಮೈ, ಹುಳುವಿನಂಥ ಐದು ತೋಳು, ಹಿಡಿದರೆ ತೋಳು ಕಳಚಿ ಕೈಗೆ ಬರುತ್ತಿತ್ತು. ಅವು ತನ್ನ ಜಾಗಕ್ಕೆ ಮಾತ್ರ ಸೇರಿದವೆಂದು ಅವನು ನಂಬಿಬಿಟ್ಟಿದ್ದ.

ಒಂದು ಮಧ್ಯಾಹ್ನ ಅವನು ಎಲ್ಬರ್ಟನ ಮೀನಿನ ಕರುಳಿನ ಬುಟ್ಟಿಗೆ ಕೈ ಹಾಕಿದ. ಅವೇ ತೋಳಿನ ಚೂರುಗಳು ಬೆರಳಿಗಂಟಿದವು.

"ಇದೆಲ್ಲಿಂದ ಬಂತು?"

"ಮೀನಿನ ಹೊಟ್ಟೆಯಿಂದ. ಇನ್ನೆಲ್ಲಿಂದ ಬರತ್ತೆ?" ಎಂದಳು ವೆರ್ನಾ.

"ನನ್ ಜಾಗ ನಿನ್ ಗಂಡಂಗೆ ನೀನೇ ತಾನೇ ಹೇಳಿದ್ದು? ಅಪ್ಪನ ಹಾಸಿಗೆ ಹತ್ರ ನೀನೂ ಇದ್ದೆ."

"ಅಪ್ಪಂಗೆ ಸೂಪ್ ಕುಡಿಸೋಕೆ ಇದ್ದೆ ಕಣೋ, ಕದ್ದು ಕೇಳೋಕಲ್ಲ."

ಅಂದಿನಿಂದ ಅವನು ತನ್ನ ಕೆಲಸ ಬಿಟ್ಟು ಎಲ್ಬರ್ಟನ ದೋಣಿಯ ಬೆನ್ನು ಹತ್ತಿದ. ಎಲ್ಬರ್ಟ್ ನಿಂತಲ್ಲಿ ನಿಲ್ಲುವುದು, ಹೊರಟರೆ ಹೊರಡುವುದು. "ನಾನು ಹಿಂದಿದೀನಿ ಅಂತಲೇ ಅಲ್ಲಿಗೆ ಹೋಗ್ತಿಲ್ಲ, ಕಳ್ಳ," ಎಂದು ನಮ್ಮ ಮುಂದೆಲ್ಲ ಹೇಳಿಕೊಂಡು ತಿರುಗಿದ. ವೆರ್ನಾ ಬೇರೆಯವರ ದೋಣಿಯ ಹ್ಯಾಡಕ್ ತಂದು ಅವನೆದುರೇ ಸೀಳಿದಳು. ಅದರಲ್ಲೂ ನಕ್ಷತ್ರಗಳು.

"ನೀನೇ ತುರುಕಿರ್ತೀಯ," ಎಂದ.

ವೆರ್ನಾಳ ಮುಖ ಕೆಂಪಾಯಿತು. "ನಾಳೆ ನಮ್ ದೋಣೀಲಿ ಬಾ. ಜಾಗ ನೀನೇ ಹೇಳು, ಗಾಳ ನೀನೇ ಹಾಕು, ಚಾಕೂನೂ ನೀನೇ ತಾ."

ಅವನು ಬಂದ. ವೆರ್ನಾಳೂ ದೋಣಿ ಹತ್ತಿದಳು. ತನ್ನ ಗುಟ್ಟಿನ ಜಾಗಕ್ಕೆ ಪೂರ್ತಿ ವಿರುದ್ಧ ದಿಕ್ಕಿಗೆ ದೋಣಿ ತಿರುಗಿಸಿದ. ಎಲ್ಬರ್ಟನಿಗೆ ಗಾಳ ಮುಟ್ಟಲೂ ಬಿಡಲಿಲ್ಲ. ಸಿಕ್ಕ ಮೊದಲ ಹ್ಯಾಡಕ್ ಸೀಳಿದಾಗ ತೋಳಿನ ಚೂರುಗಳು ಹಲಗೆಯ ಮೇಲೆ ಸುರಿದವು. ಎರಡನೆಯದರಲ್ಲೂ ಅಷ್ಟೇ. ಅವನು ಚಾಕು ಹಿಡಿದುಕೊಂಡೇ ಕುಳಿತುಬಿಟ್ಟ.

"ಹಾಗಾದ್ರೆ ಅಪ್ಪ ಹೇಳಿದ್ದು ಸುಳ್ಳಾ?"

"ಅಲ್ಲಿ ಮೀನು ಸಿಗತ್ತೆ ಅಂತ ತಾನೇ ಹೇಳಿದ್ದು? ಸಿಗ್ತಿಲ್ವಾ?" ಎಂದಳು ವೆರ್ನಾ. ಅವಳ ಸಿಟ್ಟು ಅಷ್ಟರಲ್ಲಿ ಇಳಿದಿತ್ತು.

ಭಾನುವಾರ ಅವನು ತಂಗಿಯ ಮನೆಗೆ ಊಟಕ್ಕೆ ಹೋದ. ಆಲೂಗಡ್ಡೆ, ಉಪ್ಪುಮೀನು ಬಡಿಸಿದ್ದಳು. ಅರ್ಧ ಊಟದಲ್ಲಿ ತಲೆಯೆತ್ತಿ ಕೇಳಿದ: "ನಿಜ ಹೇಳು ಎಲ್ಬರ್ಟ್, ನನ್ ಜಾಗಕ್ಕೆ ನೀನು ಯಾವತ್ತೂ ಹೋಗಿಲ್ವಾ?"

"ಅದು ಎಲ್ಲಿದೆ ಅಂತ ಹೇಳಿ ಭಾವ, ಹೋಗಿದೀನೋ ಇಲ್ವೋ ಹೇಳ್ತೀನಿ."

ವೆರ್ನಾ ನಕ್ಕುಬಿಟ್ಟಳು. ಲಿಯಾಂಡರ್ ಹೇಳಲು ಬಾಯಿ ತೆರೆದವನು, ಗಂಡ ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಆಲೂಗಡ್ಡೆ ಬಾಯಿಗಿಟ್ಟುಕೊಂಡ.